ದೂತನ ಊರು

ನನಗಾಗ 19 ವರ್ಷ. ಸಿದ್ದಾಪುರ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ಆಷಾಢದ ರಾತ್ರಿ ತಾಳಮದ್ದಲೆ. ಹೊರಗೆ ಅಡಕೆ ತೋಟದ ಮೇಲೆ ಮಳೆ ಎಡೆಬಿಡದೆ ಹೊಡೆಯುತ್ತಿತ್ತು. ಪ್ರಸಂಗ ‘ಸುಧನ್ವಾರ್ಜುನ’. ಚಂಪಕಾಪುರಿಯ ಅರಸ ಹಂಸಧ್ವಜನಿಗೆ ಊರಿನ ಗಡಿಯಲ್ಲಿ ಪಾಂಡವರ ಯಜ್ಞದ ಕುದುರೆ ಕಂಡಿತೆಂದು ಸುದ್ದಿ ಹೇಳುವ ಚಾರಕನ ಪಾತ್ರಕ್ಕೆ ಬರಬೇಕಾದವರು ಹಳ್ಳ ಬಂದು ದಾಟಲಾಗದೆ ಉಳಿದರು. ಕಾಲೇಜಿಗೆ ಹೋಗುವವ, ಮಾತಾಡಬಲ್ಲ ಎಂದು ನನ್ನನ್ನು ಹಿಡಿದು ಕೂರಿಸಿದರು.

ಪದ್ಯದ ಅರ್ಥ ನನಗೆ ಗೊತ್ತಿತ್ತು. ಕುದುರೆಯ ಬಣ್ಣ, ಹಣೆಯ ಮೇಲಿನ ಲಿಖಿತ, ಹಿಂದೆ ಬರುತ್ತಿರುವ ಸೈನ್ಯ, ಎಲ್ಲವನ್ನೂ ಒಪ್ಪಿಸಿದೆ. ಕೇಳುವವರು ನಗಲಿ ಎಂದು, ಈ ಕುದುರೆಯನ್ನು ಶಿರಸಿ ಪೇಟೆಗೆ ಒಯ್ದರೆ ಅಡಕೆಗಿಂತ ಒಳ್ಳೆಯ ದರ ಸಿಕ್ಕೀತು ಎಂದೊಂದು ಮಾತು ಸೇರಿಸಿದೆ. ಇಬ್ಬರೋ ಮೂವರೋ ನಕ್ಕರು. ಹಂಸಧ್ವಜನಾಗಿ ಕೂತಿದ್ದ ಹಿರಿಯರು ನಗಲಿಲ್ಲ. ಶಾಲು ಸರಿಪಡಿಸಿಕೊಂಡು, ಅರಸನ ಗತ್ತಿನಲ್ಲೇ ಕೇಳಿದರು: “ಚಾರಕಾ, ಸುದ್ದಿ ಕೇಳಿದೆವು. ನೀನು ಯಾರ ಕಡೆಯವನು? ನಿನ್ನ ಊರು ಯಾವುದು?”

ನಾನು “ಇದೇ ಊರು” ಎಂದೆ. “ಇದೇ ಊರೆಂದರೆ ಯಾವ ಬೀದಿ? ಗಡಿಯಲ್ಲಿ ಕುದುರೆ ಕಂಡೆ ಎನ್ನುತ್ತೀಯೆ, ಅಲ್ಲಿ ನಿನಗೇನು ಕೆಲಸವಿತ್ತು? ತಡವಾಗಿ ಬಂದವನಿಗೆ ನಮ್ಮ ರಾಜ್ಯದಲ್ಲಿ ಏನಾಗುತ್ತದೆ, ಬಲ್ಲೆಯಾ?” ನನ್ನಲ್ಲಿ ಉತ್ತರವಿರಲಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ನನ್ನ ಮಾನ ಕಾಪಾಡಿದರು.

ನಡುರಾತ್ರಿಯ ಚಹಾದ ಹೊತ್ತಿಗೆ ಅದೇ ಹಿರಿಯರು ಕವಳ ಹಾಕುತ್ತ ನನ್ನ ಪಕ್ಕ ಬಂದು ಕೂತರು. “ತಮಾ, ದೂತಂಗೆ ಹೆಸ್ರು ಇಲ್ದಿದ್ರೂ ಅಡ್ಡಿಲ್ಲೆ. ಊರು ಬೇಕು,” ಎಂದಷ್ಟೇ ಹೇಳಿ ಎದ್ದು ಹೋದರು.

ಆ ಮಾತು ಈಚೆಗೆ ಮತ್ತೆ ನೆನಪಾದದ್ದು ನನ್ನ ಅಕ್ಕನ ಮಗನಿಂದ. ಶಿರಸಿಯಲ್ಲಿ ಪಿಯುಸಿ ಓದುವ ಅವನಿಗೆ ‘ಸ್ಟಾರ್ ವಾರ್ಸ್’ ಹುಚ್ಚು. ಆ ಲೋಕದೊಳಗೆ ತನ್ನದೇ ಒಬ್ಬ ನಾಯಕನನ್ನು ಇಟ್ಟು ಕತೆ ಬರೆಯುತ್ತಿದ್ದ. ನೋಟ್‌ಬುಕ್ಕಿನ ಎರಡು ಪುಟದ ತುಂಬ ಆ ನಾಯಕನ ಕಣ್ಣಿನ ಬಣ್ಣ, ಕತ್ತಿಯ ಬಣ್ಣ, ಶಕ್ತಿಗಳ ಪಟ್ಟಿ. “ಮಾಮಾ, ಎಲ್ಲ ಸರಿಯಿದೆ, ಆದರೂ ಇವನು ಆ ಕತೆಯವನು ಅನ್ನಿಸುವುದಿಲ್ಲ. ಯಾಕೆ?” ಎಂದು ಕೇಳಿದ. ಆ ಪ್ರಶ್ನೆಯನ್ನು ನಾನು ಜಗಲಿಯ ಮೇಲೆ ಕೂತು ಒಮ್ಮೆ ಎದುರಿಸಿದ್ದೆ. ಯಾರೋ ಕಟ್ಟಿ ಮುಗಿಸಿದ ಲೋಕದೊಳಗೆ ಹೊಸಬನೊಬ್ಬ ಕಾಲಿಡುವುದು ಹೇಗೆ? ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ಇದನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ. ಅದನ್ನು ಅವರು ಹೀಗೆ ಹೆಸರಿಟ್ಟು ಕರೆದಿಲ್ಲ, ಅಷ್ಟೇ.

ಮೊದಲೇ ಒಂದು ಮಾತು. ಪುಷ್ಪಕವೇ ವಿಮಾನ, ಬ್ರಹ್ಮಾಸ್ತ್ರವೇ ಅಣುಬಾಂಬು ಎನ್ನುವ ಸಾಲಿಗೆ ನಾನು ಸೇರಿದವನಲ್ಲ. ಪುರಾಣ ವಿಜ್ಞಾನವಲ್ಲ. ಆದರೆ ಒಂದು ಕಲ್ಪಿತ ಲೋಕವನ್ನು ಅನೇಕರು ಸೇರಿ, ತಲೆಮಾರುಗಳ ಕಾಲ ಹಂಚಿಕೊಂಡು ಬಾಳಿಸುವ ಕೆಲಸದಲ್ಲಿ ಭಾರತದ ಕತೆಗೂ ಇಂದಿನ ವೈಜ್ಞಾನಿಕ ಕಥಾಲೋಕಗಳಿಗೂ ಹತ್ತಿರದ ನಂಟಿದೆ.

ಅಂದು ನನ್ನ ಬಾಯಿ ಕಟ್ಟಿಸಿದ ಪ್ರಸಂಗದಿಂದಲೇ ಶುರುಮಾಡುತ್ತೇನೆ. ಸುಧನ್ವ ವ್ಯಾಸರ ಭಾರತದಲ್ಲಿ ಇಲ್ಲ. ಅವನ ತಂದೆ ಹಂಸಧ್ವಜನೂ ಇಲ್ಲ, ಚಂಪಕಾಪುರಿಯೂ ಇಲ್ಲ. ವ್ಯಾಸರ ಆಶ್ವಮೇಧಿಕ ಪರ್ವದಲ್ಲಿ ಕುದುರೆಯ ಬೆನ್ನಿಗೆ ಹೋಗುವ ಅರ್ಜುನನಿಗೆ ಎದುರಾಗುವವರು ತ್ರಿಗರ್ತರು, ಭಗದತ್ತನ ಮಗ ವಜ್ರದತ್ತ, ಸೈಂಧವರು, ಮಣಿಪುರದ ಬಭ್ರುವಾಹನ, ಮಗಧದ ಮೇಘಸಂಧಿ ಮುಂತಾದವರು. ಹೆಚ್ಚಿನವರು ಹಳೆಯ ಯುದ್ಧದ ಬಾಕಿ ಲೆಕ್ಕದವರು. ಸುಧನ್ವ, ಚಂದ್ರಹಾಸ, ದುಷ್ಟಬುದ್ಧಿ, ಸ್ತ್ರೀರಾಜ್ಯದ ಪ್ರಮೀಳೆ ಇವರೆಲ್ಲ ಬರುವುದು ಜೈಮಿನಿಯ ಹೆಸರಿನಲ್ಲಿರುವ ಅಶ್ವಮೇಧ ಪರ್ವದಿಂದ. ಜೈಮಿನಿ ವ್ಯಾಸರ ಶಿಷ್ಯ, ಅವನೂ ಒಂದು ಪೂರ್ತಿ ಭಾರತ ಬರೆದಿದ್ದ, ಉಳಿದದ್ದು ಈ ಪರ್ವ ಮಾತ್ರ ಎಂಬುದು ಪರಂಪರೆಯ ಮಾತು. ದೇವನೂರಿನ ಲಕ್ಷ್ಮೀಶ ಅದನ್ನು ವಾರ್ಧಕ ಷಟ್ಪದಿಯಲ್ಲಿ ಕನ್ನಡಕ್ಕೆ ತಂದ. ಮನೆ ಮನೆಯಲ್ಲಿ ಗಮಕದ ಓದು ನಡೆಯಿತು. ಅಲ್ಲಿಂದ ಯಕ್ಷಗಾನ ಪ್ರಸಂಗಗಳು ಹುಟ್ಟಿದವು. ಇಂದು ನಮ್ಮ ಕಡೆಯ ಯಾರನ್ನಾದರೂ ಕೇಳಿ, ಸುಧನ್ವ ಅವರಿಗೆ ಕರ್ಣನಷ್ಟೇ ನಿಜ. ಮೇಘಸಂಧಿ ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಅಂದರೆ ಹೊರಗಿನಿಂದ ಬಂದವನು ಮನೆಯವನಾದ, ಮನೆಯಲ್ಲೇ ಇದ್ದವನು ಮರೆತುಹೋದ. ಹೀಗಾದದ್ದು ಹೇಗೆ?

ಕತೆಗಾರ ಆರಿಸಿಕೊಂಡ ಜಾಗ ನೋಡಿ. ಮಹಾಯುದ್ಧ ಮುಗಿದಿದೆ, ಸ್ವರ್ಗಾರೋಹಣ ಇನ್ನೂ ದೂರ. ಯಾರು ಸಾಯಬೇಕೋ ಸತ್ತಾಗಿದೆ, ಉಳಿದವರ ಅಂತ್ಯವೂ ಗೊತ್ತಿರುವಂಥದ್ದು. ನಡುವೆ ಒಂದು ಬಯಲು. ಆ ಬಯಲಿಗೆ ಕುದುರೆಯನ್ನು ಬಿಟ್ಟರು. ಅದು ತನಗೆ ಬೇಕಾದಲ್ಲಿ ಹೋಗುತ್ತದೆ, ಹಿಂದಿರುವವರು ಅದು ಹೋದಲ್ಲಿಗೆ ಹೋಗಲೇಬೇಕು. ಹೊಸ ಊರು, ಹೊಸ ಅರಸರನ್ನು ತರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಅಮೆರಿಕದ ಟಿವಿಯಲ್ಲಿ 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಒಂದು ನೌಕೆ ವಾರಕ್ಕೊಂದು ಹೊಸ ಗ್ರಹದ ಬಳಿ ಹೋಗುತ್ತದೆ. ಆ ನೌಕೆ ಮಾಡಿದ್ದೂ ಈ ಕುದುರೆಯ ಕೆಲಸವೇ.

ಹೊಸಬನನ್ನು ತಂದಮೇಲೆ ಅವನಿಗೆ ಏನು ಕೊಡಬೇಕು, ಏನು ಕೊಡಬಾರದು? ಸುಧನ್ವನಿಗೆ ಜೈಮಿನಿ ಕೊಟ್ಟದ್ದು ಮೊದಲು ಒಂದು ಸಂಕಟ. ಕೃಷ್ಣದರ್ಶನದ ಆಸೆಯಿಂದಲೇ ಹಂಸಧ್ವಜ ಕುದುರೆ ಕಟ್ಟುತ್ತಾನೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಗೆ ಹಾಕುವುದಾಗಿ ಡಂಗುರ ಹೊಡೆಸುತ್ತಾನೆ. ಹೆಂಡತಿ ಪ್ರಭಾವತಿ, ಮಗನೊಬ್ಬನನ್ನು ಕರುಣಿಸಿ ಹೋಗು ಎಂದು ತಡೆದದ್ದರಿಂದ ತಡವಾಗುವವನು ಅರಸನ ಸ್ವಂತ ಮಗ. ಶಂಖ, ಲಿಖಿತರೆಂಬ ಪುರೋಹಿತರು ಆಜ್ಞೆ ಆಜ್ಞೆಯೇ ಎಂದು ಹಟ ಹಿಡಿಯುತ್ತಾರೆ. ಎಣ್ಣೆ ಅವನನ್ನು ಸುಡುವುದಿಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ನೋಡಲು ಹಾಕಿದ ತೆಂಗಿನಕಾಯಿ ಸಿಡಿದು ಆ ಇಬ್ಬರ ಹಣೆಗೇ ಬಡಿಯುತ್ತದೆ. ಆಮೇಲೆ ಯುದ್ಧ. ಮೂರು ಬಾಣದಲ್ಲಿ ನಿನ್ನ ತಲೆ ತೆಗೆಯುತ್ತೇನೆಂದು ಅರ್ಜುನನ ಶಪಥ, ಮೂರನ್ನೂ ಕತ್ತರಿಸುತ್ತೇನೆಂದು ಸುಧನ್ವನ ಶಪಥ. ಕೃಷ್ಣ ತನ್ನ ಪುಣ್ಯವನ್ನೇ ಬಾಣಗಳಿಗೆ ಧಾರೆಯೆರೆಯುತ್ತಾನೆ. ಸುಧನ್ವ ಮೂರನೆಯದನ್ನೂ ಕತ್ತರಿಸುತ್ತಾನೆ. ಕತ್ತರಿಸಿದ ಬಾಣದ ಅರ್ಧ ಭಾಗ ಮುಂದೆ ಬಂದು ಅವನ ತಲೆ ತೆಗೆಯುತ್ತದೆ.

ಇಲ್ಲಿನ ಜಾಣತನವನ್ನು ನಮ್ಮ ಅರ್ಥಧಾರಿಗಳು ಗಂಟೆಗಟ್ಟಲೆ ಬಿಡಿಸುತ್ತಾರೆ. ಇಬ್ಬರ ಶಪಥವೂ ಉಳಿಯಿತು. ಅರ್ಜುನ ಸೋಲಲಿಲ್ಲ, ಆದರೆ ಕೃಷ್ಣನಿಲ್ಲದೆ ಗೆಲ್ಲುತ್ತಿರಲಿಲ್ಲ ಎಂಬುದು ಬಯಲಾಯಿತು. ಸುಧನ್ವ ಬಂದದ್ದರಿಂದ ಹಳೆಯ ನಾಯಕ ಸಣ್ಣವನಾಗಲಿಲ್ಲ, ಮೊದಲಿಗಿಂತ ಚೆನ್ನಾಗಿ ಅರ್ಥವಾದ. ಭಾರತದ ಮುಂದಿನ ಪುಟಗಳಲ್ಲಿ ಯಾವುದೂ ಬದಲಾಗಬೇಕಾಗಿ ಬರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಗೆ ಮತ್ತೆ ‘ಸ್ಟಾರ್ ಟ್ರೆಕ್’ ಕಡೆಗೇ ಹೋಗಬೇಕು. ಅದರ ಅಭಿಮಾನಿಗಳು ತಮ್ಮತಮ್ಮಲ್ಲೇ ಸಣ್ಣ ಪತ್ರಿಕೆ ಮಾಡಿಕೊಂಡು, ನೌಕೆಯೊಳಗೆ ಹೊಸ ಪಾತ್ರಗಳನ್ನಿಟ್ಟು ಕತೆ ಬರೆಯುತ್ತಿದ್ದರು. ಆ ಕತೆಗಳ ಚಾಳಿಯನ್ನು ಗೇಲಿ ಮಾಡಿ ಪೌಲಾ ಸ್ಮಿತ್ ಎಂಬಾಕೆ 1973ರಲ್ಲಿ ಒಂದು ಪುಟ್ಟ ಕತೆ ಬರೆದಳು. ನಾಯಕಿಯ ಹೆಸರು ಮೇರಿ ಸ್ಯೂ. ವಯಸ್ಸು ಹದಿನೈದೂವರೆ, ಪಡೆಯಲ್ಲೇ ಅತಿ ಕಿರಿಯ ಲೆಫ್ಟಿನೆಂಟ್. ಬಂದ ಕೂಡಲೇ ಎಲ್ಲರಿಗಿಂತ ಜಾಣೆ, ಎಲ್ಲರಿಗೂ ಬೇಕಾದವಳು, ಹಡಗು ನಡೆಸಬಲ್ಲಳು, ಕೊನೆಗೆ ಸತ್ತಾಗ ಎಲ್ಲರೂ ಗೋಳಾಡುತ್ತಾರೆ. ಅಂದಿನಿಂದ ಇಂಥ ಪಾತ್ರಗಳಿಗೆ ‘ಮೇರಿ ಸ್ಯೂ’ ಎಂಬುದೇ ಹೆಸರಾಗಿ ನಿಂತಿತು. ಸುಧನ್ವನೂ ಸಾಯುತ್ತಾನೆ, ಮೇರಿ ಸ್ಯೂ ಕೂಡ ಸಾಯುತ್ತಾಳೆ. ಆದರೆ ಅವಳಿಗೆ ತಂದೆಯ ಆಜ್ಞೆಯಿಲ್ಲ, ಕಾಯುವ ಹೆಂಡತಿಯಿಲ್ಲ, ಕುದಿಯುವ ಎಣ್ಣೆಯಿಲ್ಲ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಅವಳಿಗೆ ಹೆಸರಿದೆ, ಊರಿಲ್ಲ.

ಊರು ಎಂದಾಗ ಬನವಾಸಿಯನ್ನು ಬಿಟ್ಟು ಮುಂದೆ ಹೋಗಲಾರೆ. ಶಿರಸಿಯಿಂದ 20 ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ವರದಾ ನದಿಯ ದಂಡೆಯಲ್ಲಿ, ಮಧುಕೇಶ್ವರನ ಗುಡಿಯಿರುವ ಊರು. ಕದಂಬರ ರಾಜಧಾನಿಯಾಗಿದ್ದದ್ದು. ಪಂಪ 941ರ ಹೊತ್ತಿಗೆ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತಂದ. ಅರ್ಜುನ ದ್ವಾರಕೆಗೆ ಹೋಗುವುದು ವ್ಯಾಸರ ಕತೆ. ದಾರಿಯಲ್ಲಿ ನಮ್ಮ ಮಲ್ಲಿಗೆ, ಮಾವು, ಹಾಡು, ಗೋಷ್ಠಿಗಳ ನಾಡಿನಲ್ಲಿ ನಿಂತು ಮನಸೋಲುವುದು ಪಂಪನ ಕತೆ. ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನೆಂದು ಬಗೆದು ಬರೆದ ಕವಿಗೆ, ಆ ಹಳೆಯ ಲೋಕದೊಳಗೆ ತಾನು ಪ್ರೀತಿಸಿದ ಮಣ್ಣಿಗೂ ಒಂದು ಜಾಗ ಬೇಕಿತ್ತು. ಯಾತ್ರೆಯ ದಾರಿ ಎಲ್ಲಿ ಬೇಕಾದರೂ ಬಳಸಬಹುದಾದ್ದರಿಂದ ಕತೆಯ ಗಂಟು ಎಲ್ಲೂ ಬಿಚ್ಚಲಿಲ್ಲ. ಜೈಮಿನಿಯ ಕುದುರೆ ಮಾಡಿದ ಕೆಲಸವನ್ನು ಪಂಪನಲ್ಲಿ ಯಾತ್ರೆ ಮಾಡಿತು.

ಚಂದ್ರಹಾಸನ ಕತೆ ನಡೆಯುವ ನಾಡು ಕುಂತಲ. ಬನವಾಸಿ ಸೀಮೆಯನ್ನೂ ಒಳಗೊಂಡ ಪ್ರದೇಶಕ್ಕೆ ಶಾಸನಗಳಲ್ಲಿ ಇರುವ ಹೆಸರೂ ಅದೇ. ಹೊನ್ನಾವರ ಕಡೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ದುಷ್ಟಬುದ್ಧಿಯನ್ನು ಘಟ್ಟದ ಮೇಲಿನ ನಾವು ರಾತ್ರಿಯಿಡೀ ಕೂತು ನೋಡಿದವರು. ವ್ಯಾಸರಿಗೆ ಗೊತ್ತಿಲ್ಲದ ಆ ಮಂತ್ರಿ ನಮಗೆ ನೆರೆಮನೆಯ ಕುಟಿಲ ಮುದುಕನಷ್ಟು ಪರಿಚಿತ. ಚಂದ್ರಹಾಸನಿಗೆ ವಿಷ ಕೊಡು ಎಂದು ಅವನು ಬರೆದ ಓಲೆಯನ್ನು ಮಗಳು ವಿಷಯೆ ತಿದ್ದಿ ತನ್ನ ಹೆಸರನ್ನಾಗಿಸುವ ಜಾಗಕ್ಕೆ ಬಂದಾಗ, ಮುಂದೇನೆಂದು ಗೊತ್ತಿದ್ದರೂ ಮಕ್ಕಳು ನಿದ್ದೆಯಿಂದ ಏಳುತ್ತಿದ್ದರು.

ಯಕ್ಷಗಾನದಲ್ಲಿ ಹೊಸಬನನ್ನು ಒಳಗೆ ಬಿಟ್ಟುಕೊಳ್ಳುವ ವ್ಯವಸ್ಥೆಯೇ ಇದೆ. ಬ್ರಹ್ಮಾವರದ, ಅಂದರೆ ಅಜಪುರದ ವಿಷ್ಣುವಿನ ‘ವಿರಾಟಪರ್ವ’ದ 1564ರ ಓಲೆಪ್ರತಿಯಿಂದ ಲೆಕ್ಕ ಹಿಡಿದರೂ ಪ್ರಸಂಗ ಬರೆಯುವ ಪದ್ಧತಿಗೆ ನಾಲ್ಕೂವರೆ ಶತಮಾನ. ಪ್ರಸಂಗದಲ್ಲಿ ಇರುವುದು ಮುಖ್ಯವಾಗಿ ಹಾಡು. ಮಾತು ಆ ರಾತ್ರಿಯದು, ಪಾತ್ರಧಾರಿಯ ಸ್ವಂತದ್ದು. ಹಾಗಾಗಿ ಬರೆದವನು ಪಾತ್ರಕ್ಕೆ ಎಲುಬು ಕೊಟ್ಟರೆ ಮಾಂಸವನ್ನು ಪ್ರತಿ ರಾತ್ರಿ ಬೇರೊಬ್ಬರು ತುಂಬುತ್ತಾರೆ. ಬಡಗುತಿಟ್ಟಿನ ವೇಷಕ್ಕೂ ಒಂದು ವ್ಯಾಕರಣ ಉಂಟು. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ಕರ್ಣ, ಗಂಧರ್ವರಿಗೆ ಮುಂಡಾಸು. ರಾಕ್ಷಸರಿಗೆ ಬಣ್ಣದ ವೇಷ. ಇದುವರೆಗೆ ಯಾರೂ ಕೇಳದ ಹೆಸರಿನ ಅರಸುಮಗ ಒಬ್ಬ ಕೇದಗೆ ಮುಂದಲೆ ಕಟ್ಟಿ ಕುಣಿಯುತ್ತ ಬಂದರೆ, ಬಾಯಿ ತೆರೆಯುವ ಮೊದಲೇ ಅವನ ವಯಸ್ಸು, ಹುಮ್ಮಸ್ಸು, ಅವನಿಗೆ ಒದಗಬಹುದಾದ ಅಪಾಯ ಎಲ್ಲ ತಿಳಿಯುತ್ತದೆ.

ಆದರೆ ವೇಷ ಬಾಗಿಲವರೆಗೆ ಮಾತ್ರ ತಂದು ಬಿಡುತ್ತದೆ. ಒಳಗೆ ಬರುವುದು ಮಾತಿನಿಂದ. ಇದನ್ನು ನಾನು ಕಲಿತದ್ದು ಹಾಸ್ಯಗಾರರನ್ನು ನೋಡಿ. ದೂತ, ಬಾಗಿಲ ಕಾಯುವವ, ವನಪಾಲಕ, ಮುದಿ ಬ್ರಾಹ್ಮಣ, ದೋಣಿ ನಡೆಸುವವ ಇವರಲ್ಲಿ ಅನೇಕರಿಗೆ ಪ್ರಸಂಗದಲ್ಲಿ ಒಂದು ಪದ್ಯವೂ ಇರುವುದಿಲ್ಲ, ಹೆಸರೂ ಇರುವುದಿಲ್ಲ. ಮೂಲದಲ್ಲಿ ಇಲ್ಲದ ಪಾತ್ರಗಳು ಅತಿ ಹೆಚ್ಚು ಹುಟ್ಟಿದ್ದು ಹಾಸ್ಯಗಾರರ ಬಾಯಲ್ಲಿ. ರಾಜಸಭೆಗೂ ನಮ್ಮ ಸಂತೆಗೂ ನಡುವೆ ಓಡಾಡಲು ರಹದಾರಿ ಇರುವುದು ಅವರಿಗೊಬ್ಬರಿಗೇ. ಒಳ್ಳೆಯ ಹಾಸ್ಯಗಾರ ಅಡಕೆ ದರದ ಮಾತನ್ನೂ ಆಡಿಯಾನು. ಆದರೆ ಮೊದಲು ತಾನು ಯಾರ ಮನೆಯ ಕೆಲಸದವನು, ಒಡೆಯ ಎಷ್ಟು ತಿಂಗಳ ಸಂಬಳ ಬಾಕಿ ಇಟ್ಟಿದ್ದಾನೆ, ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು ಎಂದು ಹೇಳಿ ಆ ಲೋಕದಲ್ಲಿ ಒಂದು ಕಾಲು ಊರಿರುತ್ತಾನೆ. ಇನ್ನೊಂದು ಕಾಲನ್ನು ನಮ್ಮ ಕಡೆ ಚಾಚುವುದು ಆಮೇಲೆ. ನಾನು ಅಂದು ಎರಡೂ ಕಾಲನ್ನು ಶಿರಸಿ ಪೇಟೆಯಲ್ಲೇ ಇಟ್ಟಿದ್ದೆ.

ಪಾತ್ರ ಆ ಲೋಕಕ್ಕೆ ಹೊಂದಿತೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ಇಲ್ಲಿ ನಮ್ಮ ಪದ್ಧತಿಗೂ ಇಂದಿನ ಕಥಾಲೋಕಗಳಿಗೂ ದೊಡ್ಡ ವ್ಯತ್ಯಾಸವಿದೆ. ‘ಸ್ಟಾರ್ ವಾರ್ಸ್’ನ ಮೊದಲ ಮೂರು ಸಿನಿಮಾಗಳು 1983ಕ್ಕೆ ಮುಗಿದವು. 1991ರಲ್ಲಿ ಟಿಮೊಥಿ ಝಾನ್ ಎಂಬ ಲೇಖಕ, ಕೊನೆಯ ಸಿನಿಮಾದ ಕತೆ ಮುಗಿದ ಐದು ವರ್ಷಗಳ ನಂತರ ನಡೆಯುವ ಕಾದಂಬರಿ ಬರೆದ. ಇದೂ ಯುದ್ಧ ಮುಗಿದ ಮೇಲಿನ ಬಯಲೇ. ಅದರಲ್ಲಿ ಇಬ್ಬರು ಹೊಸಬರು. ಒಬ್ಬ ಥ್ರಾನ್, ನೀಲಿ ಚರ್ಮದ ಸೇನಾನಿ. ಶತ್ರು ಜನಾಂಗದ ಚಿತ್ರ, ಶಿಲ್ಪಗಳನ್ನು ನೋಡಿ ಅವರ ಯುದ್ಧಬುದ್ಧಿಯನ್ನು ಊಹಿಸುವವನು. ಮನುಷ್ಯರಲ್ಲದವರನ್ನು ಕೀಳಾಗಿ ಕಾಣುವ ಸಾಮ್ರಾಜ್ಯದಲ್ಲಿ ಮನುಷ್ಯನಲ್ಲದವನು ಮೇಲೆ ಬಂದಿದ್ದಾನೆ. ಆ ಲೋಕದ ನಿಯಮವೇ ಅವನ ಗಾಯ. ಅವನಿಗೆ ಊರಿದೆ ಎಂದು ನಾನು ನಂಬುವುದು ಇದಕ್ಕೇ. ಇನ್ನೊಬ್ಬಳು ಮಾರಾ ಜೇಡ್, ಸತ್ತ ಚಕ್ರವರ್ತಿಯ ಗುಪ್ತ ಸೇವಕಿ. ನಾಯಕ ಲ್ಯೂಕನನ್ನು ಕೊಲ್ಲಬೇಕೆಂದಿದ್ದವಳು, ಮುಂದಿನ ಪುಸ್ತಕಗಳಲ್ಲಿ ಅವನನ್ನೇ ಮದುವೆಯಾದಳು. ಆದರೆ ಹೊಸ ಸಿನಿಮಾಗಳನ್ನು ತೆಗೆಯುವ ಮುನ್ನ, 2014ರ ಏಪ್ರಿಲ್‌ನಲ್ಲಿ, ಆ ಲೋಕದ ಹಕ್ಕು ಪಡೆದಿದ್ದ ಕಂಪನಿ ಈ ಕಾದಂಬರಿಗಳನ್ನೆಲ್ಲ ‘ದಂತಕತೆ’ಗಳ ಸಾಲಿಗೆ ಸರಿಸಿತು. ಅವು ಇನ್ನು ನಿಜವಾಗಿ ನಡೆದದ್ದಲ್ಲ. 2016ರಲ್ಲಿ ಥ್ರಾನ್ ಒಂದು ಆನಿಮೇಷನ್ ಧಾರಾವಾಹಿಯ ಮೂಲಕ ಮರಳಿ ಬಂದ. ಮಾರಾ ಜೇಡ್‌ಗೆ ಆ ಭಾಗ್ಯ ಬರಲಿಲ್ಲ.

ಇದನ್ನು ಓದಿದಾಗ ನನಗೆ ಅಜ್ಜಿಯ ನೆನಪಾಯಿತು. ನಮ್ಮಲ್ಲಿ ‘ಕನಕಾಂಗಿ ಕಲ್ಯಾಣ’ ಎಂಬ ಪ್ರಸಂಗವಿದೆ. ತೆಲುಗಿನವರ ‘ಮಾಯಾಬಜಾರ್’ ಸಿನಿಮಾದ ಕತೆಯೇ. ಪಾಂಡವರು ಕಾಡಿನಲ್ಲಿದ್ದಾಗ ಬಲರಾಮ ತನ್ನ ಮಗಳನ್ನು ಕೌರವನ ಮಗನಿಗೆ ಕೊಡಲು ಹೊರಡುತ್ತಾನೆ. ಘಟೋತ್ಕಚನ ಮಾಯೆಯಿಂದ ಅವಳು ಅಭಿಮನ್ಯುವಿನ ಕೈಹಿಡಿಯುತ್ತಾಳೆ. ಅವಳೂ ವ್ಯಾಸರಲ್ಲಿ ಇಲ್ಲ. ನಗು, ಮೋಸ, ಊಟ ಎಲ್ಲ ಸೇರಿ ಜನರಿಗೆ ಅಚ್ಚುಮೆಚ್ಚು. ಅಜ್ಜಿಗೂ ಅಷ್ಟೇ ಇಷ್ಟ. ಆದರೆ ಒಮ್ಮೆ ಆಟ ನೋಡಿ ಬಂದ ಮರುದಿನ, ಅಡಕೆ ಸುಲಿಯುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು: “ಅಭಿಮನ್ಯು ಸತ್ತಾಗ ಈ ಕನಕಾಂಗಿ ಎಲ್ಲಿತ್ತು? ಅದು ಎಲ್ಲಿ ಕುಂತು ಅತ್ತಿಕ್ಕು?”

ಯಾರೂ ಉತ್ತರಿಸಲಿಲ್ಲ. ಭಾರತದ ಸ್ತ್ರೀಪರ್ವದಲ್ಲಿ ಅಭಿಮನ್ಯುವಿನ ಶವವನ್ನು ಮುಟ್ಟಿ ಅಳುವವಳು ಉತ್ತರೆ. ಕುಲ ಮುಂದುವರಿಯುವುದೂ ಅವಳ ಬಸಿರಿನಿಂದ. ಕನಕಾಂಗಿಗೆ ಮದುವೆಯ ಮಂಟಪ ಸಿಕ್ಕಿತು, ಶೋಕಕ್ಕೆ ಜಾಗ ಸಿಗಲಿಲ್ಲ. ಅವಳನ್ನು ತಂದವರು ಒಳಗೆ ಬರುವ ಬಾಗಿಲು ಮಾಡಿದರು, ಮುಂದೆ ಇರುವ ಕೋಣೆ ಮಾಡಲಿಲ್ಲ. ಅಜ್ಜಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಆ ಪ್ರಶ್ನೆ ಬರೀ ಕತೆಯ ಲೋಪ ಹುಡುಕುವ ಚಟವಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ಹೊಸ ಪಾತ್ರವೊಂದನ್ನು ಒಂದು ಲೋಕಕ್ಕೆ ತರುವವನು ಅದರ ಸಂತೋಷದ ಜೊತೆಗೆ ಆ ಲೋಕದ ದುಃಖದಲ್ಲೂ ಅದಕ್ಕೊಂದು ಪಾಲು ಕೊಡಬೇಕು. ಇಲ್ಲದಿದ್ದರೆ ಪಾತ್ರ ಬೇಡ ಎಂದು ಯಾರೂ ಹೇಳದೆಯೇ ಅದು ಕಾಣೆಯಾಗುತ್ತದೆ.

ಮಾರಾ ಜೇಡ್‌ಳನ್ನು ಹೊರಗಿಟ್ಟದ್ದು ಕಂಪನಿ. ಕನಕಾಂಗಿಯನ್ನು ಯಾರೂ ಹೊರಗಿಡಲಿಲ್ಲ, ಇಡುವ ಹಕ್ಕೂ ಯಾರಿಗಿಲ್ಲ. ವ್ಯಾಸರ ಲೋಕಕ್ಕೆ ಮಾಲೀಕರಿಲ್ಲ. ಹಾಗೆಂದು ಅಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಿ ಮಾಲೀಕನ ಕೆಲಸ ಮಾಡಿದ್ದು ತಾಳಮದ್ದಲೆಯ ಜಗಲಿ. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿ ಗಂಟುಮೂಟೆ ಕಟ್ಟಿದ ಮೇಲೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಕೂಟ ಸೇರುತ್ತದೆ. ಬಣ್ಣವಿಲ್ಲ, ಗೆಜ್ಜೆಯಿಲ್ಲ. ಭಾಗವತಿಕೆ, ಮದ್ದಲೆ, ಎದುರುಬದುರು ಕೂತ ನಾಲ್ಕಾರು ಮಂದಿ. ಎದುರಿನವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಪಾತ್ರದೊಳಗೆ ನಿಂತೇ ಕೇಳುತ್ತಾನೆ, ಪಾತ್ರದೊಳಗೆ ನಿಂತೇ ಹೇಳಬೇಕು. ಪುಸ್ತಕ ತೋರಿಸಿ ಪಾರಾಗುವಂತಿಲ್ಲ. ಕೇಳಲು ಕೂತವರಲ್ಲಿ ಕುಮಾರವ್ಯಾಸ, ಲಕ್ಷ್ಮೀಶರನ್ನು ಬಾಯಿಪಾಠ ಮಾಡಿದವರಿರುತ್ತಾರೆ, ಅಜ್ಜಿಯಂಥವರೂ ಇರುತ್ತಾರೆ. ಪಾತ್ರಕ್ಕೆ ಊರಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಬಂದಮೇಲೆ ಈ ಪರೀಕ್ಷೆ ಸಡಿಲವಾಯಿತು. ವರ್ಷಕ್ಕೊಂದು ಹೊಸ ಕತೆ ಬೇಕಾಯಿತು. ಹೆಸರು ಕೇಳದ ರಾಜ್ಯಗಳು, ಅಣ್ಣತಮ್ಮಂದಿರ ಜಗಳ, ಶಾಪ, ಅಗಲಿಕೆ ತುಂಬಿದ ಕಲ್ಪಿತ ಪ್ರಸಂಗಗಳು ಬಂದವು. ಇವು ಯಕ್ಷಗಾನವೇ ಅಲ್ಲ ಎಂದು ಸಿಟ್ಟಾಗುವವರು ನಮ್ಮ ಕಡೆ ಬಹಳ. ನಾನು ಅಷ್ಟು ದೂರ ಹೋಗಲಾರೆ. ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ಯಂಥವು ದಶಕಗಳ ನಂತರವೂ ಜನರನ್ನು ಕೂರಿಸುತ್ತವೆ. ಸುಧನ್ವನೂ ಒಂದು ಕಾಲಕ್ಕೆ ಕಲ್ಪಿತನೇ ಆಗಿದ್ದನಲ್ಲ! ಆದರೆ ಆ ವರ್ಷದ ತಿರುಗಾಟ ಮುಗಿಯುತ್ತಲೇ ಮಾಸಿಹೋದ ಪ್ರಸಂಗಗಳೂ ಎಷ್ಟೋ. ಅವುಗಳಲ್ಲಿ ನಾನು ನೋಡಿದ ಕೆಲವುಗಳ ನಾಯಕರಿಗೆ ಕಿರೀಟವಿತ್ತು, ಕುಣಿತವಿತ್ತು, ಸಾಲವಿರಲಿಲ್ಲ. ಯಾರಿಗೂ ಏನೂ ಕೊಡಬೇಕಾಗಿಲ್ಲದ ಪಾತ್ರವನ್ನು ಯಾವ ಲೋಕದಿಂದ ಎತ್ತಿ ಯಾವ ಲೋಕದಲ್ಲಿ ಇಟ್ಟರೂ ನಡೆಯುತ್ತದೆ. ಹಾಗಾಗಿ ಅದು ಎಲ್ಲಿಯೂ ನಿಲ್ಲುವುದಿಲ್ಲ.

ಇನ್ನೊಂದು ದಾರಿಯನ್ನು ತೋರಿದವರು ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು. 1940ರಲ್ಲಿ ಹುಟ್ಟಿ 2020ರ ಜನವರಿಯಲ್ಲಿ ತೀರಿಕೊಂಡ ಅವರು ಬರೆದ ಪ್ರಸಂಗಗಳು ನೂರಾರು. ಊರೂರು ಸುತ್ತಿ ಮಕ್ಕಳಿಗೆ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕೂಡ ಯಕ್ಷಗಾನ ಕಲಿಸಿದವರು. ಪುರಾಣವನ್ನು ಬಿಟ್ಟು ಹೊರಗೆ ಹೋಗದೆ, ಅದರ ಮೂಲೆಗಳಲ್ಲಿ ಯಾರೂ ಕೂರದ ಜಾಗ ಹುಡುಕಿ ಅಲ್ಲಿ ಹಾಡು ಕಟ್ಟಬಹುದು ಎಂದು ಅವರ ಕೆಲಸ ನೋಡಿದವರಿಗೆ ಅನ್ನಿಸುತ್ತದೆ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ ಎಂದುಕೊಳ್ಳಬೇಡಿ. ಇಷ್ಟು ಉದ್ದದ ಭಾಷಣವನ್ನು ಆ ವಯಸ್ಸಿನವರು ಕೇಳುವುದಿಲ್ಲ. ಅವನ ನಾಯಕನ ಬಗ್ಗೆ ಮೂರು ಪ್ರಶ್ನೆ ಕೇಳಿದೆ. ಅವನ ಊರು ಯಾವುದು? ಅವನು ಯಾರಿಗೆ ಹೆದರುತ್ತಾನೆ? ಅವನು ಸತ್ತರೆ ಆ ಲೋಕದಲ್ಲಿ ಯಾರು ಅಳುತ್ತಾರೆ? ಅವನು ನೋಟ್‌ಬುಕ್ ಮುಚ್ಚಿ ಎದ್ದು ಹೋದ. ಬೇಜಾರಾಯಿತೇನೋ ಎಂದುಕೊಂಡೆ. ವಾರದ ಮೇಲೆ ಬಂದು ಹೊಸ ಪುಟ ತೋರಿಸಿದ. ಕತ್ತಿಯ ಬಣ್ಣ ಹೋಗಿತ್ತು, ಕತ್ತಿಯೇ ಹೋಗಿತ್ತು. ಈಗ ಅವನ ನಾಯಕ ಒಂದು ನಿಲ್ದಾಣದಲ್ಲಿ ನೌಕೆಗಳ ಎಣ್ಣೆ ಒರೆಸುವ ಹುಡುಗ. ಎರಡೂ ಕಡೆಯ ಸೈನಿಕರು ಅಲ್ಲಿಗೆ ಬರುತ್ತಾರೆ. ಅವನ ಅಣ್ಣ ಸಾಮ್ರಾಜ್ಯದ ಪಡೆ ಸೇರಿದ್ದಾನೆ, ಕಾಗದ ಬಂದು ಎರಡು ವರ್ಷ. ಶಿರಸಿ ಬಸ್ ಸ್ಟ್ಯಾಂಡಿನ ಪಕ್ಕದ ಗ್ಯಾರೇಜು ಆ ನಿಲ್ದಾಣದಲ್ಲಿ ನನಗೆ ಚೆನ್ನಾಗಿ ಕಂಡಿತು. ಏನೂ ಹೇಳಲಿಲ್ಲ.

ಕಳೆದ ಶ್ರಾವಣದಲ್ಲಿ ಯಲ್ಲಾಪುರ ಕಡೆಯ ಒಂದು ದೇವಸ್ಥಾನದಲ್ಲಿ ಮತ್ತೆ ‘ಸುಧನ್ವಾರ್ಜುನ’. ನಾನು ಕೇಳಲು ಹೋದವನು. ದೊಡ್ಡ ಪಾತ್ರಗಳೆಲ್ಲ ಹಂಚಿಹೋಗಿದ್ದವು. ಚಾರಕನನ್ನು ಮಾಡುವಿರಾ ಎಂದು ಸಂಘಟಕರು ಸಂಕೋಚದಿಂದ ಕೇಳಿದರು. ಒಪ್ಪಿಕೊಂಡೆ. ನನ್ನನ್ನು ಕೇಳಿದ್ದ ಹಿರಿಯರು ಈಗಿಲ್ಲ. ಹಂಸಧ್ವಜನಾಗಿದ್ದವರು ನನಗಿಂತ ಕಿರಿಯರು, ಶಾಲಾ ಮಾಸ್ತರರು. ಕುದುರೆಯ ಸುದ್ದಿ ಹೇಳಿ ಮುಗಿಸಿದೆ. ಅವರು ಹೋಗು ಎನ್ನುವಷ್ಟರಲ್ಲಿ ನಾನೇ ಮುಂದುವರಿಸಿದೆ: “ಪ್ರಭು, ಏದುಸಿರು ಬಿಡುತ್ತಿದ್ದೇನೆ, ಕ್ಷಮಿಸಬೇಕು. ಊರ ಗಡಿಯ ತೋಟದವನು ನಾನು. ಇದ್ದೊಬ್ಬ ಮಗ ನಿಮ್ಮ ಪಡೆಯಲ್ಲಿದ್ದಾನೆ. ಕುದುರೆ ಕಂಡ ಕೂಡಲೇ ಮನೆಗೂ ಹೋಗದೆ ಓಡಿ ಬಂದೆ. ತಡವಾದವರಿಗೆ ಈ ರಾಜ್ಯದಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲೆ.”

ಹಂಸಧ್ವಜ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ತನ್ನ ಮಗನೇ ತಡವಾಗಿ ಬರಲಿದ್ದಾನೆಂದು ಆ ಅರಸನಿಗೆ ಇನ್ನೂ ಗೊತ್ತಿಲ್ಲ, ಕೂತಿದ್ದ ನಮಗೆಲ್ಲ ಗೊತ್ತು. “ನಿನ್ನ ಮಗನ ಹೆಸರೇನು?” ಎಂದು ಕೇಳಿದರು. ಅದನ್ನು ನಾನು ಯೋಚಿಸಿಕೊಂಡು ಬಂದಿರಲಿಲ್ಲ.